ದಿನಕ್ಕೆ ಆರು ರೂಪಾಯಿಯ ಹಡಗು

"ಬರೇ ಮೂರು ರೂಪಾಯಿನಾ? ಇದಕ್ಕಿಂತ ಹೆಚ್ಚಿಂದು ಇಲ್ಲೇನ್ರಿ?"

ಕುರಿ ಕಾಯುವ ಉಜ್ಜಿನಪ್ಪ ಹಾಗೆ ಕೇಳಿದ್ದೇ ತಡ, ಬಾಲರಾಜುವಿನ ಕತ್ತರಿ ಬಟ್ಟೆಯ ಮಧ್ಯದಲ್ಲೇ ನಿಂತಿತು. ಹೆಗಲ ಮೇಲೆ ಕಂಬಳಿ, ಕಾಲಲ್ಲಿ ಸವೆದ ಚಪ್ಪಲಿ. ಕೇಳುತ್ತಿರುವುದು ಹಡಗಿನ ದರ! ಮೂರು ರೂಪಾಯಿ ಸಾಲದಂತೆ ಈ ಮಹಾರಾಯನಿಗೆ.

ತಪ್ಪೆಲ್ಲ ಗೋಡೆಯ ಮೇಲಿನ ಕ್ಯಾಲೆಂಡರಿನದು. ಮದರಾಸಿನಿಂದ ಬಟ್ಟೆಯ ಮೂಟೆಯ ಜೊತೆ ಬಂದದ್ದು. ಮೇಲೆ ದೊಡ್ಡ ಬಿಳಿ ಹಡಗಿನ ಚಿತ್ರ, ಕೆಳಗೆ ಬೇರೆ ಬೇರೆ ಹಡಗುಗಳ ದರ. ರಾಯದುರ್ಗದ ಆ ಹೊಲಿಗೆ ಅಂಗಡಿಯಲ್ಲಿ ಅದನ್ನು ಓದುವವನು ಬಾಲರಾಜು ಒಬ್ಬನೇ. ಹೆಂಡತಿ ಚಿನ್ನಕ್ಕ ತೀರಿಕೊಂಡ ಮೇಲೆ ಅವನಿಗೆ ಮಾತು ಅಂತ ಉಳಿದದ್ದು ಗಿರಾಕಿಗಳ ಜೊತೆ ಮಾತ್ರ: ಉದ್ದ ಎಷ್ಟು, ತೋಳು ಎಷ್ಟು, ಯಾವಾಗ ಬೇಕು. ಸಂಜೆ ಬಾಗಿಲು ಹಾಕಿದರೆ ಒಂದೇ ತಟ್ಟೆ, ಒಂದೇ ಚಾಪೆ. ಗೋಡೆಯ ಜೊತೆ ಮನುಷ್ಯ ಎಷ್ಟು ಅಂತ ಮಾತಾಡಿಯಾನು?

ಅಂಥದ್ದರಲ್ಲಿ ಒಂದು ಸಂತೆಯ ದಿನ ಉಜ್ಜಿನಪ್ಪ ಅಂಗಿಯ ತೋಳು ಹೊಲಿಸಲು ಬಂದ. ಚಿತ್ರ ನೋಡಿದ. ಕೂತ. ಆಮೇಲೆ ಒಂದು ಸಂತೆಯನ್ನೂ ತಪ್ಪಿಸಲಿಲ್ಲ.

ಅವನೂ ಒಂಟಿಯೇ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಊರೂರಿನ ಹೊಲಗಳಲ್ಲಿ ಕುರಿಮಂದೆ ತಂಗಿಸುವುದೇ ಅವನ ಬದುಕು. ಗೊಬ್ಬರದ ಆಸೆಗೆ ರೈತರು ರಾತ್ರಿಗೆ ಇಷ್ಟು ಅಂತ ಅವನಿಗೆ ಕಾಳು ಅಳೆಯುತ್ತಾರೆ. ಕಣೇಕಲ್ಲಿನಿಂದ ಬೊಮ್ಮನಹಾಳಿನವರೆಗೆ ಯಾರ ಕೈ ಧಾರಾಳ, ಯಾರದು ಬಿಗಿ ಎಂಬುದು ಅವನಿಗೆ ಬಾಯಿಪಾಠ. ಹಾಗಾಗಿ ಚೆನ್ನಾಗಿ ಕೂಡಿಟ್ಟಿದ್ದಾನೆ ಎಂದು ಊರವರ ಗುಮಾನಿ. ಅವನ ಗಂಟನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೂ ಊರಿನ ಬಾಯಿಗೆ ಬೀಗ ಹಾಕುವವರು ಯಾರು?

"ಹೆಚ್ಚಿಂದು ಬೇಕಾದ್ರ ಈ ಬಿಳೇದು ಐತಿ ನೋಡಪ್ಪ" ಎಂದ ಬಾಲರಾಜು, ಹಾಸ್ಯಕ್ಕೆ. "ಕೊಲಂಬೋದ್ದು ದಿನಕ್ಕೆ ಎರಡು, ರಂಗೂನಿಂದು ಮೂರು. ಇದು ಆರು. ಇದು ಯಾವ ಊರಿಗೂ ಹೋಗಂಗಿಲ್ಲ. ಸುಮ್ನೆ ಸಮುದ್ರ ಸುತ್ತಿಸಿ ಮತ್ತೆ ಮದರಾಸಿಗೇ ತಂದು ಬಿಡ್ತಾರ. ಇಪ್ಪತ್ತು ದಿನ. ಊಟಾನೂ ಅವರದೇ."

"ಊಟಾನೂ ಅವರದಾ! ಪುಣ್ಯಾತ್ಮರು ಬಿಡ್ರಿ." ಉಜ್ಜಿನಪ್ಪ ಕಣ್ಣರಳಿಸಿದ. "ಕಾಳಿನ ಲೆಕ್ಕ ನಡೆಯಂಗಿಲ್ಲೇನ್ರಿ ಅಲ್ಲಿ?"

"ಹಡಗಿನೋರಿಗೆ ಜೋಳ ಏನು ಗೊತ್ತಪ್ಪ? ಎಲ್ಲಾ ನಗದು."

"ನಗದಾದ್ರ ಇನ್ನೂ ಚಲೋ." ಆಮೇಲೆ ದನಿ ತಗ್ಗಿಸಿ ಕೇಳಿದ. "ರಾತ್ರಿ ಒಬ್ಬೊಬ್ರ ಮಲಗಬೇಕೇನ್ರಿ?"

"ನೂರಾರು ಮಂದಿ ಇರ್ತಾರ. ಒಂದು ಕೋಣೆಗೆ ಇಬ್ಬರು."

"ಹಂಗಾರ ನೀವೂ ಬರ್ರಿ ಅಣ್ಣಾರ."

ಬಾಲರಾಜು ಕತ್ತರಿ ಕೆಳಗಿಟ್ಟ. ನೀವೂ ಬರ್ರಿ ಎಂದು ಅವನನ್ನು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತು! ದಿನಕ್ಕೆ ಆರು ರೂಪಾಯಿ ತನ್ನ ಯೋಗ್ಯತೆಗೆ ಮೀರಿದ್ದು ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಇವನು ಮುಂದಿನ ಸಂತೆಗೆ ಬರದೇ ಹೋದರೆ? ಕೊನೆಗೆ ಸುತ್ತಿ ಬಳಸಿ, "ಎರಡು ರೂಪಾಯಿದಾದ್ರೂ ಸಾಕಲ್ಲಪ್ಪ ನಮ್ಮಂಥೋರಿಗೆ?" ಎಂದು ನೋಡಿದ.

ಉಜ್ಜಿನಪ್ಪನ ಮುಖ ಸಪ್ಪಗಾಯಿತು. "ಕಡಿಮೇದು ಯಾಕ್ರಿ? ನಾವೇನು ಅಷ್ಟು ಕಡೆನಾ?"

ಆ ಮಾತು ಬಾಲರಾಜುವಿಗೆ ನಾಟಿತು. ನೆತ್ತಿಯ ಮೇಲೆ ಸೂರಿಲ್ಲದ ಕುರಿಯವನಿಗೇ ಇಷ್ಟು ಧೈರ್ಯವಿದ್ದರೆ ತನಗೇನು ಧಾಡಿ? ಹೊಲಿಗೆ ಮಷೀನನ್ನು ಎದುರಂಗಡಿಯ ಕಾಟಪ್ಪನಿಗೆ ಮಾರಿದ. "ತಲೆ ನೆಟ್ಟಗೈತೇನ್ರಿ?" ಎಂದು ಕಾಟಪ್ಪ ಮುಖಕ್ಕೇ ಕೇಳಿದ. ಬಾಲರಾಜು ನಕ್ಕು ದುಡ್ಡು ಎಣಿಸಿಕೊಂಡ. ಮಷೀನಿನ ದುಡ್ಡು ತನ್ನೊಬ್ಬನ ಪಾಲಿಗೆ ಸರಿಯಾಗಿ ಸಾಕಾಗುತ್ತಿತ್ತು. ತಿರುಗಿ ಬಂದ ಮೇಲೆ ಕಾಟಪ್ಪನ ಹತ್ತಿರವೇ ಕೂಲಿಗೆ ಕೂತರಾಯಿತು. ಇಪ್ಪತ್ತು ರಾತ್ರಿ ಪಕ್ಕದಲ್ಲಿ ಇನ್ನೊಂದು ಉಸಿರಿನ ಸದ್ದು ಕೇಳಿಸುತ್ತದಲ್ಲ, ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಮಷೀನು ಅಂಗಡಿ ಬಿಡುವ ಮೊದಲು ಅದರಲ್ಲಿ ಕೊನೆಯದಾಗಿ ಹೊಲಿದದ್ದು ಉಜ್ಜಿನಪ್ಪನ ಹಣದ ಚೀಲ, ಸೊಂಟಕ್ಕೆ ಕಟ್ಟುವಂಥದ್ದು. "ದೊಡ್ಡದು ಹೊಲೀರಿ. ಎರಡು ಪದರ ಇರ್ಲಿ, ಭಾರ ತಡೀಬೇಕು" ಎಂದಿದ್ದ ಅವನು. ಊರವರ ಗುಮಾನಿ ಸುಳ್ಳಲ್ಲ ಎಂದುಕೊಂಡ ಬಾಲರಾಜು.

ಹೊರಡುವ ದಿನ ಉಜ್ಜಿನಪ್ಪ ಮಂದೆಯನ್ನು ಓಬಳಾಪುರದ ಅಕ್ಕ ಸುಂಕಮ್ಮನಿಗೆ ಒಪ್ಪಿಸಿ ನೇರ ಸ್ಟೇಷನ್ನಿಗೆ ಬಂದ. ರೈಲಿನ ಟಿಕೆಟ್ಟಿಗೆ ಧೋತರದ ಗಂಟು ಬಿಚ್ಚಿ ಚಿಲ್ಲರೆ ಎಣಿಸಿಕೊಟ್ಟ. ದೊಡ್ಡ ದುಡ್ಡನ್ನು ಮುಟ್ಟುತ್ತಿಲ್ಲ, ಜಾಣ, ಎಂದು ಬಾಲರಾಜುವಿಗೆ ಮೆಚ್ಚುಗೆಯಾಯಿತು.

ರೈಲು ಕದಲಿತು. ಕೋಟೆಯ ಬೆಟ್ಟ ಹಿಂದೆ ಸರಿಯಿತು. ಇಬ್ಬರೂ ಒಂದೇ ಕಂಬಳಿ ಹಾಸಿಕೊಂಡು ಕೂತಿದ್ದರು. ಉಜ್ಜಿನಪ್ಪ ರೊಟ್ಟಿ ಮುರಿದು ದೊಡ್ಡ ತುಂಡನ್ನು ಬಾಲರಾಜುವಿನ ಕೈಗಿಟ್ಟ. ಚಿನ್ನಕ್ಕ ಹೋದ ಮೇಲೆ ಹೀಗೆ ಮುರಿದು ಕೊಟ್ಟವರು ಯಾರೂ ಇರಲಿಲ್ಲ. ಬಾಲರಾಜುವಿನ ಕಣ್ಣು ತುಂಬಿತು. ಅದನ್ನು ಮರೆಮಾಚಲು ಏನಾದರೂ ಮಾತಾಡಬೇಕಿತ್ತು.

"ದಾರೀಲಿ ಕಳ್ಳರಿರ್ತಾರಪ್ಪ. ಚೀಲ ಹುಷಾರು."

ಉಜ್ಜಿನಪ್ಪ ಗೊಳ್ಳೆಂದು ನಕ್ಕ. ಸೊಂಟದ ಚೀಲ ಬಿಚ್ಚಿ ತೊಡೆಯ ಮೇಲೆ ಹಾಕಿದ. ಅದು ಕೈಯಲ್ಲಿದ್ದ ರೊಟ್ಟಿಗಿಂತ ಚಪ್ಪಟೆಯಾಗಿತ್ತು.

"ಹುಷಾರಿರಬೇಕಾದ್ದು ಬರೋವಾಗ್ರಿ ಅಣ್ಣಾರ! ನೀರಿನ ಮ್ಯಾಲೆ ಪುಕ್ಕಟೆ ತಂಗಾಕ ನಮಗೇನು ಹುಚ್ಚಾ? ಹಡಗಿನ ಧಣಿ ರಾತ್ರಿಗೆ ಆರಾರು ರೂಪಾಯಿ ನಮ್ಮ ಕೈಗೆ ಎಣಿಸಿದ ಮ್ಯಾಲೆ ಅಲ್ಲೇನ್ರಿ ಇದು ತುಂಬೋದು?"