ಹಿತ್ತಿಲಿನ ತಾಮ್ರದ ತಗಡು

ಸಿದ್ದಬಸಪ್ಪನವರ ಕೈ ರೇಡಿಯೋದ ತಿರುಪಿಗೆ ಹೋಗುವುದಕ್ಕೂ ರೇವಣ್ಣ ಕುರ್ಚಿಯಿಂದ ಹಾರುವುದಕ್ಕೂ ಸರಿಹೋಯಿತು.

"ಅಯ್ಯೋ, ಮುಟ್ಬೇಡಿ! ಗುಡುಗಿನ ಕಾಲ. ಸಿಡಿಲು ತಂತಿ ಹಿಡ್ಕೊಂಡು ಒಳಗೇ ಬಂದ್ಬಿಡುತ್ತೆ."

ಹೊರಗೆ ಚೂರು ಮೋಡವೂ ಇರಲಿಲ್ಲ. ಬಣಕಲ್ ಊರಿನ ಆ ಮನೆಯ ಅಂಗಳದಲ್ಲಿ ಹಪ್ಪಳ ಗರಿಗರಿಯಾಗಿ ಒಣಗುತ್ತಿತ್ತು.

ಎರಡನೇ ಮಹಾಯುದ್ಧ ಶುರುವಾದ ವರ್ಷ ಅದು. ಚಿಕ್ಕಮಗಳೂರು ಪೇಟೆಯ ಜವಳಿ ವ್ಯಾಪಾರಿ ಸಿದ್ದಬಸಪ್ಪ, ಮಗಳು ಸರ್ವಮಂಗಳಾಳಿಗೆ ಗಂಡು ಗೊತ್ತುಮಾಡಲು ರೇವಣ್ಣನ ಮನೆಗೆ ಬಂದಿದ್ದರು. ಎಲ್ಲಿಗೆ ಹೋದರೂ ಅವರು ಮೊದಲು ನೋಡುವುದು ರೇಡಿಯೋ. ಅತ್ತಿಗುಂಡಿಯಲ್ಲೂ ವಸ್ತಾರೆಯಲ್ಲೂ ರೇಡಿಯೋ ಗಂಟೆಗಟ್ಟಲೆ ಸೊಗಸಾಗಿ ಹಾಡಿತ್ತಂತೆ. ಎರಡು ಮನೆಯನ್ನೂ ಬೇಡವೆಂದು ಎದ್ದುಬಂದಿದ್ದರು. ಅದಕ್ಕಿಂತ ಒಳ್ಳೆಯ ರೇಡಿಯೋ ಈ ಮಹಾರಾಯನಿಗೆ ಎಲ್ಲಿಂದ ತರುವುದು?

ಯಾರದೋ ಮದುವೆಯಲ್ಲಿ ಸರ್ವಮಂಗಳಾ ನಕ್ಕಿದ್ದನ್ನು ಕಂಡಂದಿನಿಂದ ರೇವಣ್ಣನಿಗೆ ಅವಳೇ ಬೇಕು, ಬೇರೆ ಯಾರೂ ಬೇಡ. ಆದರೆ ರೇಡಿಯೋ ಸತ್ತು ಎಂಟು ದಿನವಾಗಿತ್ತು.

ರೇಡಿಯೋ ಜೋಡಿಸಿದವನು ಬುದ್ಧಿವಂತನೇ. ತಾಮ್ರದ ತಗಡಿಗೆ ತಂತಿ ಬಿಗಿದು, ಇದ್ದಿಲು, ಉಪ್ಪು ಸುರಿದು ಹಿತ್ತಿಲಲ್ಲಿ ಹೂತಿದ್ದ. ಸಿಡಿಲು ಬಂದರೆ ಮಣ್ಣಿಗಿಳಿದು ಹೋಗಲಿ ಅಂತ ಮಾಡಿದ ಅರ್ಥಿಂಗ್ ಅದು. ರೇವಣ್ಣನ ತಾಯಿ ಕಲ್ಲಮ್ಮ ಆವತ್ತು ಊರಲ್ಲಿರಲಿಲ್ಲ. ಮರಳಿ ಬಂದ ಕಲ್ಲಮ್ಮ ಹೊಸ ಮಣ್ಣು ಕಂಡು ಅಗೆದರು. ತಾಮ್ರದ ತಗಡು, ಇದ್ದಿಲು, ಉಪ್ಪು! ಮಾಟವಲ್ಲದೆ ಇನ್ನೇನು? ತಗಡನ್ನು ಹೊಳೆಗೆಸೆದು, ತಲೆಗೆ ನೀರು ಹಾಕಿಕೊಂಡು ಒಳಗೆ ಬಂದರು. ಅದೇ ಸಂಜೆ ಸಿಡಿಲು ನೇರವಾಗಿ ರೇಡಿಯೋದ ಹೊಟ್ಟೆ ಹೊಕ್ಕಿತು.

"ಅರ್ಥಿಂಗ್ ಎಲ್ಲಿ ಕೊಟ್ಟಿದೀರಿ?" ಎಂದು ಸಿದ್ದಬಸಪ್ಪ ಎದ್ದೇಬಿಟ್ಟರು.

"ಹಿತ್ತಿಲಲ್ಲಿ ಕೆಸರು, ಜಿಗಣೆ..." ಎಂದ ರೇವಣ್ಣನ ಮಾತು ಅವರ ಬೆನ್ನಿಗೆ ಬಿತ್ತು.

ಹಿತ್ತಿಲಲ್ಲಿದ್ದದ್ದು ಬರೀ ಗುಂಡಿ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಕಲ್ಲಮ್ಮನಿಗೆ ಮುಚ್ಚುಮರೆ ಎಂದರೇನೆಂದೇ ಗೊತ್ತಿಲ್ಲ.

"ಯಾರೋ ಹಾಳಾದವ್ರು ಮಾಟ ಹೂತಿದ್ರು. ನಾನೇ ಕಿತ್ತು ಹೊಳೆಗೆ ಬಿಟ್ಟೆ. ಆವತ್ತಿಂದ ಆ ಪೆಟ್ಗೆ ಉಸ್ರೇ ಎತ್ತಿಲ್ಲ, ನೋಡಿ!"

ಅಲ್ಲಿಗೆ ಮುಗಿಯಿತು. ರೇವಣ್ಣನಿಗೆ ಅಳುವೇ ಬಂತು.

ಸಿದ್ದಬಸಪ್ಪ ಗುಂಡಿಯನ್ನು ನೋಡಿದರು. ಕಲ್ಲಮ್ಮನನ್ನು ನೋಡಿದರು.

"ರೇಡಿಯೋ ಪೂರ್ತಿ ಹೋಗಿದೆಯೇನಪ್ಪಾ? ರಿಪೇರಿಗೂ ಬರಲ್ವಾ?"

"ಇಲ್ಲ. ಒಳಗೆಲ್ಲ ಸುಟ್ಟು ಕರಕಲು. ತಪ್ಪಾಯ್ತು, ನಿಮ್ಗೆ ಸುಳ್ಳು ಹೇಳ್ದೆ."

ಸಿದ್ದಬಸಪ್ಪ ಅವನ ಎರಡೂ ಕೈ ಹಿಡಿದುಕೊಂಡರು.

"ಹಾಗಾದ್ರೆ ಲಗ್ನ ಇಡಿಸೋಣ ಮಾರಾಯ! ನಮ್ಮ ಸರ್ವಮಂಗಳಾನೂ ಮಾಟ ಅಂತ ನಮ್ಮನೆ ತಗಡನ್ನ ಎರಡು ಸಲ ಕಿತ್ತು ಕೆರೆಗೆ ಹಾಕಿದಾಳೆ. ಹಾಡೋ ರೇಡಿಯೋ ಇರೋ ಮನೆಗೆ ಅವಳನ್ನ ಯಾವ ಧೈರ್ಯದ ಮೇಲೆ ಕೊಡ್ಲಿ?"