ಇರ್ಮೆಲಿ ಬಾವುಟ ಏರಿಸಿದಳು

ಅಂಗಳದ ಕಂಬಕ್ಕೆ ಬಾವುಟ ಏರಿಸಿ ಒಳಗೆ ಬಂದ ಇರ್ಮೆಲಿ ಬೂಟು ಬಿಚ್ಚುವಷ್ಟರಲ್ಲೇ ಯಾರೋ ಬಾಗಿಲು ಬಡಿದರು. ನೋಡಿದರೆ ಪಕ್ಕದ ಮನೆಯ ತೌನೋ, ಜೊತೆಗೆ ಅವನ ಅಕ್ಕ ಹಿಲ್ಕಾ. ತೌನೋನ ಕೈಯಲ್ಲಿ ಕೆಂಪು ರಿಬ್ಬನ್ ಕಟ್ಟಿದ ಕಾಫಿಪುಡಿ ಪೊಟ್ಟಣ.

"ಹುಟ್ಟುಹಬ್ಬ ಅಂತ ಒಂದು ಮಾತು ಹೇಳಬಾರದಾ ಮಾರಾಯ್ತಿ? ಬಾವುಟ ನೋಡಿ ಓಡಿಬಂದ್ವಿ. ಎಷ್ಟು ತುಂಬಿತು?" ಅಂದಳು ಹಿಲ್ಕಾ.

ಅಯ್ಯೋ ದೇವರೇ! ಊರಲ್ಲಿ ಹುಟ್ಟುಹಬ್ಬಕ್ಕೂ ಬಾವುಟ ಏರಿಸುತ್ತಾರಲ್ಲ, ಇವರು ಹಾಗೇ ಅಂದುಕೊಂಡಿದ್ದಾರೆ. ಅಕ್ಟೋಬರ್ ಹತ್ತು, ಫಿನ್ನಿಷ್ ಸಾಹಿತ್ಯದ ದಿನ, ಅದಕ್ಕೇ ಬಾವುಟ ಅಂದರೆ ಮುಗಿಯುತ್ತಿತ್ತು. ಆದರೆ ನಿನಗೂ ಸಾಹಿತ್ಯಕ್ಕೂ ಏನೇ ನಂಟು ಅಂತ ಹಿಲ್ಕಾ ಕೇಳದೆ ಬಿಡುವವಳಲ್ಲ. ಜೀವನವೆಲ್ಲ ಹಾಲಿನ ಲಾರಿ ಓಡಿಸಿದವಳು ಈಗ ಕಾದಂಬರಿ ಬರೆಯುತ್ತಿದ್ದಾಳೆ ಅಂದರೆ ಊರು ನಕ್ಕೀತು. ಅದು ಯಾರ ಬಗ್ಗೆ ಅಂತ ತೌನೋಗೆ ಗೊತ್ತಾದರಂತೂ ಮುಖ ಎಲ್ಲಿಟ್ಟುಕೊಳ್ಳುವುದು? ಅದಕ್ಕಿಂತ ಮುದುಕಿಯಾಗುವುದೇ ವಾಸಿ.

"ಎಪ್ಪತ್ತು," ಅಂದುಬಿಟ್ಟಳು.

"ಎಪ್ಪತ್ತಾ! ಶಾಲೇಲಿ ನನಗಿಂತ ಕೆಳಗಿನ ಕ್ಲಾಸಲ್ಲಿದ್ದೆ, ನನಗೇ ಅರವತ್ತೆಂಟು. ನಡುವೆ ಎಲ್ಲೋ ನನ್ನ ದಾಟಿ ಓಡಿಬಂದ್ಯಾ?" ಅಂದಳು ಹಿಲ್ಕಾ.

ಇರ್ಮೆಲಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಬಾಯಿ ಬಿಟ್ಟಳು. "ಇವತ್ತು ಸಾಹಿತ್ಯದ ದಿನ ಕಣ್ರೇ. ನಾನೊಂದು ಕಾದಂಬರಿ ಬರೀತಿದೀನಿ. ಸಾಕಾ? ಇನ್ನು ನೀವೂ ನಕ್ಕುಬಿಡಿ."

ಹಿಲ್ಕಾ ನಗಲಿಲ್ಲ, ಕುರ್ಚಿ ಎಳೆದುಕೊಂಡು ಕೂತಳು. "ಕಥೆ ಏನು, ಹೇಳು."

ಇಷ್ಟಾದ ಮೇಲೆ ಇನ್ನು ಮುಚ್ಚಿಡುವುದೇನು ಅಂದುಕೊಂಡಳು ಇರ್ಮೆಲಿ. "ಒಬ್ಬ ಮುದುಕ. ಚಳಿಗಾಲದಲ್ಲಿ ಪಕ್ಕದ ಮನೆಯವಳ ಅಂಗಳದ ಹಿಮ ತೆಗೆದುಕೊಡ್ತಾನೆ. ಅವಳು ಕಾಫಿಗೆ ಕರೆಯೋಕೆ ಅಂತ ಬಾಗಿಲು ತೆಗೆದರೆ, ಸಲಿಕೆ ಅಲ್ಲೇ ಬಿಟ್ಟು ಪರಾರಿ!"

ಹಿಲ್ಕಾ ಮೇಜು ಬಡಿದು ಬಡಿದು ನಕ್ಕಳು. "ಲೋ ತೌನೋ, ನಿನ್ನ ಸಲಿಕೆ ಕಣೋ ಅದು!"

ತೌನೋನ ಕಿವಿ ಕೆಂಪಗಾಯಿತು. ಇವತ್ತೂ ಓಡಿಹೋಗುತ್ತಾನೆ ಅಂದುಕೊಂಡಳು ಇರ್ಮೆಲಿ. ಆದರೆ ಅವನು ಕಾಫಿಪುಡಿಯನ್ನು ಮೇಜಿನ ಮೇಲಿಟ್ಟು ಟೋಪಿ ತೆಗೆದ.

"ಆಮೇಲೆ... ಅವಳು ಅವನನ್ನ ಮದುವೆ ಆಗ್ತಾಳಾ?"

"ಹೇಗೆ ಆಗ್ತಾಳೆ? ಆ ಪುಕ್ಕಲ ಇನ್ನೂ ಕೇಳೇ ಇಲ್ಲವಲ್ಲ!" ಅಂದಳು ಇರ್ಮೆಲಿ.

ತೌನೋ ಗಂಟಲು ಸರಿಮಾಡಿಕೊಂಡ.

"ಹಾಗಾದ್ರೆ ಬರ್ಕೋ," ಅಂದ. "ಈಗ ಕೇಳಿದ."