ದಿಂಬಿನಡಿಯ ಕುಡುಗೋಲು

ಉಸಿರು ಕಟ್ಟದಿರಲೆಂದು ಡಾಕ್ಟರು ಕೊಟ್ಟಿರುವ ಮಾಸ್ಕನ್ನು ಮಲಗುವಾಗ ಮೂಗಿಗೆ ಕಟ್ಟಿಕೊಂಡರೆ, ಅದರ ರಬ್ಬರಿನ ಘಾಟಿಗೆ ಪಾಂಡವಪುರದ ಹತ್ತಿರವಿದ್ದ ನಮ್ಮ ಆಲೆಮನೆ ನೆನಪಾಗುತ್ತದೆ.

ಅಲ್ಲಿ ಒಲೆಗೆ ಹಳೆ ಟೈರು ಹಾಕುತ್ತಿದ್ದರು. ಬೆಲ್ಲದ ಪಾಕ ನೋಡುತ್ತಿದ್ದವನು ನಮ್ಮಪ್ಪ. ರಾತ್ರಿಯಿಡೀ ಗೊರಕೆ ಹೊಡೆಯುತ್ತಿದ್ದ. ನಡುನಡುವೆ ಉಸಿರೇ ನಿಂತು, ಬೆಚ್ಚಿ ಏಳುತ್ತಿದ್ದ. "ಕೆಟ್ಟ ಗಾಳಿ ಎದೆ ಮ್ಯಾಲೆ ಕುಂತ್ಕತದೆ. ಕಬ್ಬುಣ ಕಂಡ್ರೆ ಅತ್ರ ಬರಕಿಲ್ಲ" ಎಂದು ಅಜ್ಜಿ ಅವನ ದಿಂಬಿನಡಿ ಕುಡುಗೋಲು ಇಡಿಸಿದ್ದಳು.

ಒಂದು ಮಧ್ಯಾಹ್ನ ನಾನು ಬುತ್ತಿ ತೆಗೆದುಕೊಂಡು ಹೋದಾಗ ಅಪ್ಪ ಕೊಪ್ಪರಿಗೆಯ ಮುಂದೆ ಕೂತಲ್ಲೇ ನಿದ್ದೆಹೋಗಿದ್ದ. ಪಾಕ ಸೀದು ಕರ್ರಗಾಗಿತ್ತು. ದೊಡ್ಡಪ್ಪ ಆಳುಗಳೆದುರೇ ಕೂಗಾಡಿದ: "ಥೂ, ಅಗಲೊತ್ನಲ್ಲೇ ನಿದ್ದೆ ಒಡೀತೀಯಲ್ಲ, ನೀನೊಬ್ಬ ಗಂಡ್ಸೇನ್ಲಾ?"

ಅಪ್ಪ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಅವ್ವ ಮುದ್ದೆ ತಂದಿಟ್ಟಳು. ಅವನು ತಿರುಗದೆಯೇ ಹೇಳಿದ: "ಮಲಗಿದ್ರೂ ಸುಸ್ತು, ಎದ್ರೂ ಸುಸ್ತು. ಸಾಕಾಗೋಗದೆ ಕಣಮ್ಮಿ. ಒಂದೇ ಸಲ ಮಲಿಕಂಬುಟ್ರೆ ಸಾಕು ಅನ್ಸ್ತದೆ."

ಅವ್ವ ಅವನ ದಿಂಬನ್ನೇ ನೋಡುತ್ತ ಅಲ್ಲೇ ಕೂತಳು. ಗೊರಕೆ ಶುರುವಾದ ಮೇಲೆ ಮೆಲ್ಲಗೆ ದಿಂಬಿನಡಿ ಕೈಹಾಕಿ ಕುಡುಗೋಲು ತೆಗೆದಳು. ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಮೊಣಕೈವರೆಗೂ ಕೈಯಿಳಿಸಿ, ಅಪ್ಪನ ಕೈಗೆ ಸಿಗದ ಹಾಗೆ ಅದನ್ನು ಹೂತಳು.

"ಗಾಳಿ ಬಂದ್ರೆ?" ಅಂದೆ.

ಅವ್ವ ಕೈಗಂಟಿದ ರಾಗಿ ಕೊಡವಿಕೊಂಡಳು.

"ಬಂದ್ರೆ ಬರ್ಲಿ ಬುಡು."